ಜೀನು ಬದಲಾದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ ಕಣ್ರೀ!

ಇವತ್ತು ಸ್ವಲ್ಪ ಜಗಳ ಆಡೋ ಮೂಡಿನಲ್ಲಿದ್ದೀನಿ. ಜಗಳ ನಿಮ್ಮ ಜೊತೆನೇ, ಮೊದಲೇ ಹೇಳಿಬಿಡ್ತೀನಿ. ಕನ್ನಡದಲ್ಲಿ ಬ್ಲಾಗು ಬರೆಯೋ, ಅದರಲ್ಲೂ ಆಗೀಗ ವಿಜ್ಞಾನ, ಆರೋಗ್ಯ ಅಂತ ಕೈ ಹಾಕೋ ನಮ್ಮವರ ಜೊತೆ.

"ಆರೋಗ್ಯವಂತರ ರಕ್ತದಲ್ಲೂ ಬ್ಲಡ್ ಕ್ಯಾನ್ಸರ್ ವಂಶವಾಹಿ!" ಈ ಥರದ ತಲೆಬರಹ ನೀವೂ ನೋಡಿರ್ತೀರಿ. ಕೆಲವರು ಬರೆದೂ ಇದ್ದೀರಿ. ಓದಿದವರು ಮೂರು ವಿಷಯ ತಲೆಗೆ ಹಾಕಿಕೊಂಡು ಹೋಗ್ತಾರೆ. ಒಂದು, ಈ ಬದಲಾವಣೆ ಇದ್ರೆ ಕಾಯಿಲೆ ಬಂದಂಗೇ ಲೆಕ್ಕ. ಎರಡು, ಅದು ಅಪ್ಪ-ಅಮ್ಮನಿಂದ ಬಂದದ್ದು, ಮಕ್ಕಳಿಗೂ ಹೋಗತ್ತೆ. ಮೂರು, ಎಲ್ಲರೂ ಈಗಲೇ ಓಡಿಹೋಗಿ ಟೆಸ್ಟ್ ಮಾಡಿಸಿಕೊಳ್ಳಬೇಕು. ಮೂರೂ ತಪ್ಪು. ಇದರಿಂದ ನೆಟ್ಟಗಿರೋ ಮನುಷ್ಯರು ರಾತ್ರೋರಾತ್ರಿ ರೋಗಿಗಳಾಗ್ತಿದ್ದಾರೆ. ಅದಕ್ಕೇ ಈ ಪೋಸ್ಟು. ಉದ್ದ ಇದೆ, ಕಾಫಿ ತಂದುಕೊಂಡು ಕೂತ್ಕೊಳ್ಳಿ.

ಮೊದಲು ಮೂಳೆಯೊಳಗೆ ಏನು ನಡೀತಿದೆ ಅಂತ ನೋಡೋಣ. ನಮ್ಮ ಮೈ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳನ್ನ ಮಾಡತ್ತೆ. ಇಷ್ಟನ್ನೂ ಮಾಡೋದು ಅಸ್ಥಿಮಜ್ಜೆಯಲ್ಲಿರೋ ಆಕರಕೋಶಗಳು, ಸ್ಟೆಮ್ ಸೆಲ್ ಅಂತೀವಲ್ಲ, ಅವು ಮತ್ತು ಅವುಗಳ ಸಂತಾನ. 2018ರಲ್ಲಿ ಬಂದ ಒಂದು ಲೆಕ್ಕದ ಪ್ರಕಾರ ದೊಡ್ಡವರಲ್ಲಿ ಇಂಥ ಆಕರಕೋಶಗಳು 50 ಸಾವಿರದಿಂದ 2 ಲಕ್ಷ ಇರತ್ತೆ. ಒಂದೊಂದು ಕೋಶದಲ್ಲೂ ಕೋಟಿಗಟ್ಟಲೆ ಅಕ್ಷರಗಳ ಡಿಎನ್‌ಎ. ಅದನ್ನ ಕಾಪಿ ಮಾಡುವಾಗ, ರಿಪೇರಿ ಮಾಡುವಾಗ ಅಕ್ಷರ ತಪ್ಪುತ್ತೆ. ಪುಸ್ತಕದ ಪ್ರೂಫ್ ನೋಡಿದವರಿಗೆ ಗೊತ್ತು, ಎಷ್ಟು ಸಲ ತಿದ್ದಿದ್ರೂ ಒಂದೆರಡು ಕಾಗುಣಿತ ತಪ್ಪಿಸಿಕೊಂಡಿರತ್ತೆ. ಒಂದು ಆಕರಕೋಶದಲ್ಲಿ ವರ್ಷಕ್ಕೆ ಸುಮಾರು 17 ಬದಲಾವಣೆ ಸೇರಿಕೊಳ್ಳತ್ತೆ ಅಂತ 2022ರ ಅಧ್ಯಯನವೊಂದು ಎಣಿಸಿದೆ. ಅಂದ್ರೆ 70 ವರ್ಷದ ಅಜ್ಜನ ಒಂದೊಂದು ಆಕರಕೋಶದಲ್ಲೂ ಸಾವಿರಕ್ಕೂ ಹೆಚ್ಚು. ಅಜ್ಜ ಮಾತ್ರ ಬೆಳಿಗ್ಗೆ ವಾಕಿಂಗ್ ಹೋಗಿ ಬಂದು ಪೇಪರ್ ಓದ್ತಾ ಕೂತಿರ್ತಾರೆ!

ಈ ಸಾವಿರದಲ್ಲಿ ಹೆಚ್ಚುಕಮ್ಮಿ ಎಲ್ಲವೂ ನಿರುಪದ್ರವಿ. ಎಲ್ಲೋ ಒಂದು ಬದಲಾವಣೆ ಮಾತ್ರ, ಅದು ಕೂತಿರೋ ಕೋಶಕ್ಕೆ ಪಕ್ಕದವುಗಳಿಗಿಂತ ಸ್ವಲ್ಪ ಜಾಸ್ತಿ ಚುರುಕು ಕೊಡತ್ತೆ. ಆ ಕೋಶದ ಸಂತಾನ ಬೆಳೀತಾ ಹೋಗತ್ತೆ. ಬಾಳೆ ತೋಟ ನೋಡಿದ್ದೀರಲ್ಲ? ಒಂದೊಂದು ಬುಡ ಸುತ್ತಲೂ ಕಂದು ಹಾಕುತ್ತಾ ಹೋಗತ್ತೆ. ಹತ್ತು ವರ್ಷ ಬಿಟ್ಟು ನೋಡಿದ್ರೆ ತೋಟದ ಒಂದು ಮೂಲೆ ಪೂರ್ತಿ ಒಂದೇ ಬುಡದ ಮಕ್ಕಳು. ಗೊನೆ ಮಾಮೂಲಿಯಾಗೇ ಬರ್ತಿದೆ, ಹಣ್ಣಿನ ರುಚಿನೂ ಕೆಟ್ಟಿಲ್ಲ. ಹಾಗೇನೇ ಇಲ್ಲೂ ರಕ್ತ ಮಾಮೂಲಿಯಾಗಿ ತಯಾರಾಗ್ತಿರತ್ತೆ. ಆದ್ರೆ ಅದರ ಒಂದು ಪಾಲು ಒಂದೇ ಬುಡದ್ದು.

ಈ ಚುರುಕು ಕೊಡೋ ಜೀನುಗಳಲ್ಲಿ ಹೆಚ್ಚಾಗಿ ಕಾಣೋದು ಮೂರು: ಡಿಎನ್‌ಎಂಟಿ3ಎ, ಟೆಟ್2, ಎಎಸ್‌ಎಕ್ಸ್‌ಎಲ್1. ಲ್ಯುಕೇಮಿಯಾ ರೋಗಿಗಳ ಕೋಶಗಳಲ್ಲೂ ಇವೇ ಜೀನುಗಳು ಬದಲಾಗಿರೋದು ಮೊದಲೇ ಗೊತ್ತಿತ್ತು. ಅದಕ್ಕೇ ಇವಕ್ಕೆ "ಲ್ಯುಕೇಮಿಯಾ ಜೀನು" ಅನ್ನೋ ಹೆಸರು ಅಂಟಿಕೊಂಡಿದ್ದು. ಕಳ್ಳನ ಮನೇಲಿ ಕಬ್ಬಿಣದ ಹಾರೆ ಸಿಕ್ತು ಅಂತ ಊರಿನಲ್ಲಿ ಹಾರೆ ಇರೋರೆಲ್ಲ ಕಳ್ಳರು ಅಂದಂಗೆ.

*

"ಇದೆಲ್ಲ ಹೊಸ ಸಂಶೋಧನೆ" ಅನ್ನೋದೂ ಪೂರ್ತಿ ನಿಜ ಅಲ್ಲ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಸಿಎಮ್‌ಎಲ್ ಅನ್ನೋ ಲ್ಯುಕೇಮಿಯಾದ ರೋಗಿಗಳಲ್ಲಿ ಒಂದು ಗಿಡ್ಡ ಕ್ರೋಮೋಸೋಮ್ ಕಂಡುಹಿಡಿದರು. ಅದು 9 ಮತ್ತು 22ನೇ ಕ್ರೋಮೋಸೋಮುಗಳು ತುಂಡು ಅದಲುಬದಲು ಮಾಡಿಕೊಂಡಿದ್ದರಿಂದ ಆದದ್ದು ಅಂತ 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಆ ಅದಲುಬದಲಿನಲ್ಲಿ ಹುಟ್ಟೋ ಬೆಸುಗೆ ಜೀನೇ ಬಿಸಿಆರ್-ಎಬಿಎಲ್. ಸಿಎಮ್‌ಎಲ್ ಬರೋದೇ ಇದರಿಂದ. ಇದಕ್ಕಿಂತ ಪಕ್ಕಾ "ಕ್ಯಾನ್ಸರ್ ಜೀನು" ಬೇಕಾ?

ಈಗ ಕೇಳಿ. 1995ರಲ್ಲಿ ಬೆಲ್ಜಿಯಂನ ಸಂಶೋಧಕರು ತುಂಬಾ ಸೂಕ್ಷ್ಮವಾದ ಪರೀಕ್ಷೆ ಇಟ್ಟುಕೊಂಡು ಆರೋಗ್ಯವಾಗಿರೋ 73 ದೊಡ್ಡವರ ರಕ್ತದಲ್ಲಿ ಇದನ್ನ ಹುಡುಕಿದರು. 22 ಜನರಲ್ಲಿ ಸಿಕ್ತು! ಹತ್ತಿರಹತ್ತಿರ ಮೂರರಲ್ಲಿ ಒಬ್ಬರಿಗೆ. ಆದ್ರೆ ಸಿಎಮ್‌ಎಲ್ ಬರೋದು ವರ್ಷಕ್ಕೆ ಲಕ್ಷಕ್ಕೆ ಒಬ್ಬರಿಗೋ ಇಬ್ಬರಿಗೋ. ಮಿಕ್ಕವರಲ್ಲಿ ಆ ಬೆಸುಗೆ ಎಲ್ಲೋ ಕೆಲವೇ ಕಣಗಳಲ್ಲಿ ಹುಟ್ಟಿ, ಏನೂ ಮಾಡದೆ ಹೋಗಿಬಿಡತ್ತೆ. ಬೆಸುಗೆ ಯಾವ ಕೋಶದಲ್ಲಿ ಆಯ್ತು, ಆ ಕೋಶ ಉಳೀತಾ, ಬೆಳೀತಾ ಅನ್ನೋದೂ ಮುಖ್ಯ.

ಮಕ್ಕಳ ವಿಷಯದಲ್ಲಿ ಇನ್ನೂ ಸ್ಪಷ್ಟ. ಮಕ್ಕಳ ಲ್ಯುಕೇಮಿಯಾದಲ್ಲಿ ಟೆಲ್-ಎಎಮ್‌ಎಲ್1 ಅನ್ನೋ ಬೆಸುಗೆ ಸಾಮಾನ್ಯ. ಬ್ರಿಟನ್ನಿನ ಮೆಲ್ ಗ್ರೀವ್ಸ್ ಅವರ ತಂಡ 2002ರಲ್ಲಿ ನವಜಾತ ಶಿಶುಗಳ ಹೊಕ್ಕುಳಬಳ್ಳಿ ರಕ್ತದಲ್ಲಿ ಅದನ್ನ ಹುಡುಕಿದಾಗ ನೂರಕ್ಕೆ ಸುಮಾರು ಒಂದು ಮಗುವಿನಲ್ಲಿ ಸಿಕ್ಕಿತು. ಆ ಬೆಸುಗೆಯ ಲ್ಯುಕೇಮಿಯಾ ಬರೋ ಮಕ್ಕಳಿಗಿಂತ ಇದು ಸುಮಾರು ನೂರು ಪಟ್ಟು ಜಾಸ್ತಿ. ಈ ಅಂಕಿಯ ಬಗ್ಗೆ ಆಮೇಲೆ ತಕರಾರು ಬಂತು. 2011ರ ಡೆನ್ಮಾರ್ಕಿನ ಅಧ್ಯಯನ ತುಂಬಾ ಕಡಿಮೆ ಅಂತು, 2018ರ ಇನ್ನೊಂದು ಅಧ್ಯಯನ ನೂರಕ್ಕೆ ಐದು ಅಂತು. ಅಂಕಿ ಯಾವುದೇ ಇರ್ಲಿ, ಹುಟ್ಟುವಾಗ ಬೆಸುಗೆ ಇದ್ದರೂ ಕಾಯಿಲೆ ಬಾರದೇ ಬೆಳೆಯೋ ಮಕ್ಕಳಿದ್ದಾರೆ ಅನ್ನೋದಕ್ಕೆ ಅವಳಿಗಳೇ ಸಾಕ್ಷಿ. ಒಂದೇ ಮಾಸು ಹಂಚಿಕೊಂಡ ಅವಳಿಗಳಲ್ಲಿ ಒಂದು ಮಗುವಿನ ಬದಲಾದ ಕಣಗಳು ಹೊಟ್ಟೆಯಲ್ಲಿರುವಾಗಲೇ ಇನ್ನೊಂದಕ್ಕೆ ಹರಿದುಹೋಗತ್ತೆ. ಎರಡೂ ಮಕ್ಕಳಲ್ಲಿ ಅದೇ ಬೆಸುಗೆ. ಆದ್ರೂ ಒಂದು ಮಗುವಿಗೆ ಕಾಯಿಲೆ ಬಂದರೆ ಇನ್ನೊಂದಕ್ಕೂ ಬರೋದು ನೂರರಲ್ಲಿ ಹತ್ತು-ಹದಿನೈದು ಜೋಡಿಗಳಲ್ಲಿ ಮಾತ್ರ. ಮೊದಲ ಬದಲಾವಣೆ ಸಾಲದು, ಹುಟ್ಟಿದ ಮೇಲೆ ಇನ್ನೂ ಏನೇನೋ ಒಟ್ಟಾಗಬೇಕು.

*

ಈಗ ಎಲ್ಲರೂ ಹೆದರಿಸೋಕೆ ಬಳಸೋ 2014ರ ಅಂಕಿಗಳಿಗೆ ಬರೋಣ.

ಆ ವರ್ಷ ಒಂದರ ಹಿಂದೆ ಒಂದು ದೊಡ್ಡ ಅಧ್ಯಯನಗಳು ಬಂದವು. ಒಂದರಲ್ಲಿ 17,182 ಜನ, ಇನ್ನೊಂದರಲ್ಲಿ ಸ್ವೀಡನ್ನಿನ 12,380 ಜನ. ರಕ್ತದ ಕಾಯಿಲೆಗೆ ಅಂತ ಆರಿಸಿದವರಲ್ಲ. ನಲವತ್ತರ ಒಳಗಿನವರಲ್ಲಿ ಈ ಒಂದೇ ಬುಡದ ಗುಂಪು ತೀರಾ ಅಪರೂಪ. ಎಪ್ಪತ್ತರಿಂದ ಎಪ್ಪತ್ತೊಂಬತ್ತರವರಲ್ಲಿ 9.5%, ತೊಂಬತ್ತು ದಾಟಿದವರಲ್ಲಿ 18.4%. ವಯಸ್ಸಿನ ಜೊತೆ ತಲೆಕೂದಲು ನೆರೆಯೋ ಹಾಗೆ. 2015ರಲ್ಲಿ ಇದಕ್ಕೆ ಚಿಪ್ ಅಂತ ಹೆಸರಿಟ್ಟರು. ರಕ್ತದಲ್ಲಿ ಆ ಜೀನಿನ ಪ್ರತಿಗಳನ್ನ ಓದಿದಾಗ ಕನಿಷ್ಠ 2% ಬದಲಾಗಿರಬೇಕು, ರಕ್ತದ ಕ್ಯಾನ್ಸರ್ ಇರಬಾರದು, ಕಣಗಳ ಎಣಿಕೆ ಸರಿಯಾಗಿರಬೇಕು. ಆಗ ಅದು ಚಿಪ್. ಗಮನಿಸಿ, ಕಾಯಿಲೆ ಇಲ್ಲ ಅನ್ನೋದು ವ್ಯಾಖ್ಯೆಯ ಒಳಗೇ ಇದೆ!

ಇವರಿಗೆ ರಕ್ತದ ಕ್ಯಾನ್ಸರ್ ಬರೋ ಅಪಾಯ ಮಿಕ್ಕವರಿಗಿಂತ ಎಷ್ಟು? ಮೊದಲ ಅಧ್ಯಯನದ ಪ್ರಕಾರ ಸುಮಾರು 11 ಪಟ್ಟು. ತಗೊಳ್ಳಿ, ತಲೆಬರಹ ಸಿಕ್ತು! "ಹನ್ನೊಂದು ಪಟ್ಟು" ಅಂದ ತಕ್ಷಣ ಎದೆ ಧಸಕ್ ಅನ್ನತ್ತೆ. ಆದ್ರೆ ಯಾವುದರ ಹನ್ನೊಂದು ಪಟ್ಟು? ಅದನ್ನ ಯಾರೂ ಬರೆಯಲ್ಲ. ಮೂಲದಲ್ಲಿ ಅಪಾಯ ತೀರಾ ಚಿಕ್ಕದು. ಚಿಪ್ ಇರೋರಲ್ಲಿ ವರ್ಷಕ್ಕೆ ರಕ್ತದ ಕ್ಯಾನ್ಸರ್ ಆಗೋದು ನೂರಕ್ಕೆ ಅರ್ಧದಿಂದ ಒಂದು. ಇದನ್ನ ತಿರುಗಿಸಿ ಹೇಳಿ ನೋಡಿ: ಚಿಪ್ ಇರೋ ನೂರು ಜನರಲ್ಲಿ 99 ಅಥವಾ ಅದಕ್ಕಿಂತ ಹೆಚ್ಚು ಜನಕ್ಕೆ ಈ ವರ್ಷ ಬರಲ್ಲ. ಹತ್ತು ವರ್ಷ ಆದ್ರೂ ತೊಂಬತ್ತಕ್ಕೂ ಹೆಚ್ಚು ಜನಕ್ಕೆ ಬರಲ್ಲ. ಎರಡೂ ಒಂದೇ ಲೆಕ್ಕ ಸ್ವಾಮಿ. ಮೊದಲನೆಯದು ಓದಿದವನಿಗೆ ನಿದ್ದೆ ಬರಲ್ಲ, ಎರಡನೆಯದು ಓದಿದವನು ಊಟ ಮಾಡಿ ಮಲಗ್ತಾನೆ. ಯಾವುದನ್ನ ಬರೀಬೇಕು ಅನ್ನೋದು ನಮ್ಮ ಕೈಲಿದೆ ತಾನೇ?

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. 2016ರಲ್ಲಿ ಅಮೆರಿಕದ ಸಂಶೋಧಕರು 2% ಅನ್ನೋ ಗೆರೆ ಬಿಟ್ಟು, ಅದಕ್ಕಿಂತ ಎಷ್ಟೋ ಪಟ್ಟು ಸೂಕ್ಷ್ಮವಾದ ವಿಧಾನದಲ್ಲಿ, ಐವತ್ತು-ಅರವತ್ತರ ಆಸುಪಾಸಿನ 20 ಆರೋಗ್ಯವಂತ ನರ್ಸುಗಳ ರಕ್ತ ನೋಡಿದರು. 19 ಜನರಲ್ಲಿ ಈ ಲ್ಯುಕೇಮಿಯಾ ಸಂಬಂಧಿ ಬದಲಾವಣೆಗಳು ಸಿಕ್ಕವು. ಇಪ್ಪತ್ತರಲ್ಲಿ ಹತ್ತೊಂಬತ್ತು! ಅಂದ್ರೆ ಇದನ್ನ ಓದ್ತಿರೋ ನೀವು ಐವತ್ತು ದಾಟಿದ್ರೆ ನಿಮ್ಮಲ್ಲೂ ಇರೋದು ಹೆಚ್ಚುಕಮ್ಮಿ ಖಾತ್ರಿ. ಕನ್ನಡಿ ಮುಂದೆ ನಿಂತು ನೋಡಿಕೊಳ್ಳಿ, ಕ್ಯಾನ್ಸರ್ ರೋಗಿ ಥರ ಕಾಣ್ತೀರಾ? ಪರೀಕ್ಷೆ ಎಷ್ಟು ಸೂಕ್ಷ್ಮ ಆಗತ್ತೋ ಅಷ್ಟು ಜನರಲ್ಲಿ ಏನೋ ಒಂದು ಸಿಗತ್ತೆ. ಅವರ ಆರೋಗ್ಯ ಮಾತ್ರ ನಿನ್ನೆ ಇದ್ದಂಗೇ ಇರತ್ತೆ.

*

ಈಗ ನನ್ನ ಮುಖ್ಯ ತಕರಾರಿಗೆ ಬರ್ತೀನಿ. "ವಂಶವಾಹಿ" ಅನ್ನೋ ಪದ.

ಜೀನ್ ಅನ್ನೋದಕ್ಕೆ ಕನ್ನಡದಲ್ಲಿ ಈ ಪದ ತಂದವರ ಉದ್ದೇಶ ಒಳ್ಳೇದೇ. ಪಠ್ಯಪುಸ್ತಕದಲ್ಲಿ ಬಟಾಣಿ ಗಿಡದ ಪಾಠಕ್ಕೆ ಸರಿಯಾಗೇ ಕೂರತ್ತೆ. ಆದ್ರೆ ನಾನು ಇಲ್ಲಿಯವರೆಗೆ ಹೇಳಿದ ಬದಲಾವಣೆಗಳಿಗೂ ವಂಶಕ್ಕೂ ಸಂಬಂಧ ಇಲ್ಲ. ಇವು ರಕ್ತ ಮಾಡೋ ಕೋಶಗಳಲ್ಲಿ ಆದವು. ಅಂಡಾಣುವಿನಲ್ಲೂ ಇಲ್ಲ, ವೀರ್ಯಾಣುವಿನಲ್ಲೂ ಇಲ್ಲ. ಅಪ್ಪನಿಂದ ಬಂದಿಲ್ಲ, ಮಗಳಿಗೆ ಹೋಗಲ್ಲ. ಅವರ ಜೊತೆ ಶುರುವಾಗಿ ಅವರ ಜೊತೆಗೇ ಮುಗಿಯತ್ತೆ. ಅದನ್ನ "ವಂಶವಾಹಿ ದೋಷ" ಅಂತ ಬರೆದರೆ ನಮ್ಮ ಊರುಗಳಲ್ಲಿ ಏನಾಗತ್ತೆ ಗೊತ್ತಾ?

ಹೋದ ವರ್ಷ ನಮ್ಮ ಮನೇಲೇ ಆಯ್ತು. ನಮ್ಮ ಚಿಕ್ಕಪ್ಪಂಗೆ 66. ಗಟ್ಟಿಮುಟ್ಟಾಗಿದ್ದಾರೆ. ಯಾವುದೋ ಲ್ಯಾಬಿನವರ "ಪೂರ್ತಿ ಜೀನ್ ತಪಾಸಣೆ" ಪ್ಯಾಕೇಜ್ ಮಾಡಿಸಿದ್ರು. ರಿಪೋರ್ಟಿನಲ್ಲಿ ಡಿಎನ್‌ಎಂಟಿ3ಎ ಬದಲಾವಣೆ, 3%, ಪಕ್ಕದಲ್ಲಿ ಕೆಂಪಕ್ಷರದಲ್ಲಿ ಲ್ಯುಕೇಮಿಯಾ ಸಂಬಂಧಿ ಅಂತ. ವಿವರಿಸೋಕೆ ಅಲ್ಲಿ ಯಾರೂ ಇಲ್ಲ, ಪಿಡಿಎಫ್ ಮಾತ್ರ ಬಂತು. ಮನೆಯವರು ಗೂಗಲ್ ಮಾಡಿದ್ರು, ಕನ್ನಡದ ಲೇಖನಗಳು ಸಿಕ್ಕವು, ಎಲ್ಲದರಲ್ಲೂ "ವಂಶವಾಹಿ". ಚಿಕ್ಕಪ್ಪನ ಮಗ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ.

"ಅಣ್ಣಾ, ಅಪ್ಪಂಗೆ ಬ್ಲಡ್ ಕ್ಯಾನ್ಸರ್ ವಂಶವಾಹಿ ಇದೆಯಂತೆ. ತಂಗಿಗೆ ಗಂಡು ನೋಡ್ತಿದ್ದೀವಲ್ಲ, ಆ ಕಡೆಯೋರಿಗೆ ಹೇಳ್ಬೇಕಾಗತ್ತಾ? ಹೇಳದೇ ಇದ್ರೆ ಮೋಸ ಆಗಲ್ವಾ?"

ಅಷ್ಟರಲ್ಲಿ ಚಿಕ್ಕಮ್ಮ "ಇದು ನಿಮ್ಮ ಕಡೆಯಿಂದ ಬಂದದ್ದು" ಅಂತ ಶುರು ಮಾಡಿಯಾಗಿತ್ತು. ತಂಗಿಗೂ ಟೆಸ್ಟ್ ಮಾಡಿಸಬೇಕು ಅನ್ನೋ ಮಾತೂ ಬಂತು. ಮೂರು ವಾರ ಆ ಮನೇಲಿ ಯಾರೂ ಸರಿಯಾಗಿ ಉಂಡಿಲ್ಲ. ಕೊನೆಗೆ ರಕ್ತರೋಗ ತಜ್ಞರೊಬ್ಬರು ಸಿಬಿಸಿ ನೋಡಿ ಹತ್ತೇ ನಿಮಿಷದಲ್ಲಿ ಹೇಳಿದ್ರು: "ಕಣಗಳ ಎಣಿಕೆ ಸರಿಯಾಗಿದೆ. ಇದು ವಯಸ್ಸಿನ ಜೊತೆ ಬಂದದ್ದು, ಮಕ್ಕಳಿಗೆ ಹೋಗಲ್ಲ. ವರ್ಷಕ್ಕೊಮ್ಮೆ ಸಿಬಿಸಿ ಮಾಡಿಸಿ. ಬಿಪಿ ಮಾತ್ರೆ ಬಿಡಬೇಡಿ." ಮುಗೀತು. ಪಿಡಿಎಫ್ ಕೊಟ್ಟವರು ಇದನ್ನೇ ಎರಡು ಸಾಲಿನಲ್ಲಿ ಬರೆದು ಕೊಡಬಹುದಿತ್ತಲ್ಲ?

ವಂಶದಲ್ಲಿ ಬರೋ ಲ್ಯುಕೇಮಿಯಾ ಅಪಾಯ ಅನ್ನೋದು ಇಲ್ಲವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಇದೆ. ರನ್ಎಕ್ಸ್1, ಗಾಟಾ2, ಡಿಡಿಎಕ್ಸ್41, ಸಿಇಬಿಪಿಎ, ಇಂಥ ಜೀನುಗಳು ಹುಟ್ಟಿನಿಂದಲೇ ಬದಲಾಗಿ ಬರೋ ಕುಟುಂಬಗಳಿವೆ. ಅವರಿಗೆ ಕುಟುಂಬದ ತಪಾಸಣೆ ನಿಜಕ್ಕೂ ಬೇಕು. ಅದಕ್ಕೇ ಎರಡನ್ನೂ ಬೇರೆ ಬೇರೆ ಪದದಲ್ಲಿ ಹೇಳಬೇಕು ಅನ್ನೋದು ನನ್ನ ವಾದ. ಹುಟ್ಟಿನಿಂದ ಬಂದದ್ದು ಮೈಯ ಎಲ್ಲಾ ಕೋಶಗಳಲ್ಲೂ ಇರತ್ತೆ, ಎರಡು ಪ್ರತಿಗಳಲ್ಲಿ ಒಂದು ಬದಲಾಗಿರೋದ್ರಿಂದ ರಿಪೋರ್ಟಿನಲ್ಲಿ ಸುಮಾರು 50% ಅಂತ ಬರತ್ತೆ. ಬದುಕಿನ ನಡುವೆ ಆದದ್ದು ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಕಡಿಮೆ ಇರತ್ತೆ. ಅನುಮಾನ ಬಂದ್ರೆ ಚರ್ಮದ ಕೋಶ ಬೆಳೆಸಿ ನೋಡ್ತಾರೆ. ಜೊಲ್ಲು ಕೊಟ್ಟರೆ ಆಗಲ್ಲ, ಜೊಲ್ಲಿನಲ್ಲೂ ಬಿಳಿ ರಕ್ತಕಣ ಇರತ್ತೆ. ಟಿಪಿ53 ಅನ್ನೋ ಜೀನಿನಲ್ಲಿ ಈ ಗೊಂದಲದಿಂದ, ವಯಸ್ಸಿನ ಜೊತೆ ಆದ ಬದಲಾವಣೆಯನ್ನ ವಂಶದ ಕಾಯಿಲೆ ಅಂತ ತಪ್ಪಾಗಿ ಓದೋ ಅಪಾಯ ಇದೆ ಅಂತ ವೈದ್ಯರೇ ಎಚ್ಚರಿಸಿದ್ದಾರೆ.

*

"ಆದ್ರೂ ಮೊದಲೇ ಗೊತ್ತಾದ್ರೆ ಒಳ್ಳೇದಲ್ವಾ?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ.

ಗೊತ್ತಾದ ಮೇಲೆ ಮಾಡೋಕೆ ಏನಾದ್ರೂ ಇದ್ರೆ ಒಳ್ಳೇದು. ಗರ್ಭಕಂಠದ ಕ್ಯಾನ್ಸರಿಗೆ ಮುಂಚಿನ ಗಾಯ ಕಂಡ್ರೆ ತೆಗೆದುಬಿಡ್ತಾರೆ, ಕ್ಯಾನ್ಸರ್ ಬರೋದೇ ತಪ್ಪತ್ತೆ. ಬಿಪಿ ಗೊತ್ತಾದ್ರೆ ಮಾತ್ರೆ ಇದೆ. ಸಿಎಮ್‌ಎಲ್ ಆದ ರೋಗಿಯಲ್ಲಿ ಬಿಸಿಆರ್-ಎಬಿಎಲ್ ಗೊತ್ತಾಗಲೇಬೇಕು, ಯಾಕಂದ್ರೆ ಅದನ್ನೇ ಗುರಿ ಇಟ್ಟು ಹೊಡೆಯೋ ಇಮಾಟಿನಿಬ್ 2001ರಿಂದ ಇದೆ. ಅದೇ ಜೀನು, ಅದೇ ಟೆಸ್ಟು, ರೋಗಿಗೆ ಪ್ರಾಣ ಉಳಿಸತ್ತೆ. ಆರೋಗ್ಯವಾಗಿರೋನಿಗೆ ಬರೀ ಭಯ. ಚಿಪ್ ಇರೋ ಆರೋಗ್ಯವಂತನ ಮಜ್ಜೆಯಿಂದ ಆ ಗುಂಪನ್ನ ತೆಗೆಯೋಕೆ ಅಂತ ಒಪ್ಪಿಗೆ ಪಡೆದ ಔಷಧಿ ಇಲ್ಲ.

ಎಲ್ಲಾ ಚಿಪ್ ಒಂದೇ ಅಲ್ಲ ಅನ್ನೋದನ್ನೂ ಹೇಳಬೇಕು. 2018ರ ಎರಡು ಅಧ್ಯಯನಗಳು ಮುಂದೆ ಎಎಮ್‌ಎಲ್ ಬಂದವರ ವರ್ಷಗಳ ಹಿಂದಿನ ರಕ್ತವನ್ನ ನೋಡಿದವು. ಅವರಲ್ಲಿ ಬದಲಾವಣೆಗಳು ಹೆಚ್ಚಿದ್ದವು, ಗುಂಪು ದೊಡ್ಡದಿತ್ತು, ಟಿಪಿ53, ಐಡಿಎಚ್‌ನಂಥ ಜೀನುಗಳು ಹೆಚ್ಚು ಅಪಾಯದ ಕಡೆ ಕೈ ತೋರಿಸಿದವು. 2023ರಲ್ಲಿ ಯುಕೆ ಬಯೋಬ್ಯಾಂಕಿನ ಮಾಹಿತಿಯಿಂದ ಅಪಾಯ ಅಳೆಯೋ ಒಂದು ಸ್ಕೋರ್ ಬಂತು. ಇಂಥ ಬದಲಾವಣೆ ಇರೋರಲ್ಲಿ ಸುಮಾರು 88% ಜನ ಕಡಿಮೆ ಅಪಾಯದ ಗುಂಪಿಗೆ ಬಂದರು, ಅವರಿಗೆ ಹತ್ತು ವರ್ಷದಲ್ಲಿ ಮಜ್ಜೆಯ ಕ್ಯಾನ್ಸರ್ ಬರೋ ಸಾಧ್ಯತೆ 1%ಗಿಂತ ಕಡಿಮೆ. ಹೆಚ್ಚು ಅಪಾಯದ ಗುಂಪಿಗೆ ಬಂದವರು ಸುಮಾರು 1% ಮಾತ್ರ, ಆದ್ರೆ ಅವರಲ್ಲಿ ಅರ್ಧದಷ್ಟು ಜನಕ್ಕೆ ಹತ್ತು ವರ್ಷದಲ್ಲಿ ಬಂತು. ಆ 1% ಜನಕ್ಕೆ ತಜ್ಞರ ಕಣ್ಣು ಬೇಕೇ ಬೇಕು. ಸಾಮಾನ್ಯವಾಗಿ ಅವರಿಗೆ ಆ ಬಾಗಿಲು ತೆರೆಯೋದು ಪ್ಯಾಕೇಜ್ ಟೆಸ್ಟ್ ಅಲ್ಲ. ಸಿಬಿಸಿಯಲ್ಲಿ ಕಣಗಳು ಕಾರಣ ಇಲ್ಲದೆ ಕಡಿಮೆಯಾಗಿದ್ರೆ, ಹಿಂದೆ ಕೀಮೋ ಆಗಿದ್ರೆ ವೈದ್ಯರೇ ಮುಂದಿನ ಪರೀಕ್ಷೆ ಹೇಳ್ತಾರೆ. ಸಿಬಿಸಿಗೆ ಆಗೋದು ಕೆಲವು ನೂರು ರೂಪಾಯಿ.

ಇನ್ನು ಹೃದಯದ ವಿಷಯ. 2017ರ ಅಧ್ಯಯನದಲ್ಲಿ ಚಿಪ್ ಇರೋರಿಗೆ ಹೃದಯದ ರಕ್ತನಾಳದ ಕಾಯಿಲೆ ಸುಮಾರು 1.9 ಪಟ್ಟು ಅಂತ ಬಂತು. ಟೆಟ್2 ಕಳೆದುಕೊಂಡ ಬಿಳಿ ಕಣಗಳು ಉರಿಯೂತ ಹೆಚ್ಚಿಸಿ ರಕ್ತನಾಳ ಕೆಡಿಸೋದು ಅದೇ ವರ್ಷ ಇಲಿಗಳಲ್ಲಿ ಕಂಡಿತು. ಹಾಗಾಗಿ "ಚಿಪ್ ಅಂದ್ರೆ ಏನೂ ಅಲ್ಲ" ಅಂತ ಬರೆಯೋದೂ ಸುಳ್ಳು. ಆದ್ರೆ ಇವತ್ತು ಇದಕ್ಕೆ ಮಾಡಬೇಕಾದ್ದು ಏನು? ಬೀಡಿ-ಸಿಗರೇಟು ಬಿಡಿ, ಬಿಪಿ, ಶುಗರ್, ಕೊಲೆಸ್ಟರಾಲ್ ಹತೋಟಿಯಲ್ಲಿಡಿ, ನಡೀರಿ. ಎಎಸ್‌ಎಕ್ಸ್‌ಎಲ್1 ಬದಲಾವಣೆ ಸಿಗರೇಟು ಸೇದೋರಲ್ಲಿ ಹೆಚ್ಚು ಅನ್ನೋದೂ ಗೊತ್ತಿದೆ. ಇಷ್ಟು ಮಾಡೋಕೆ ಜೀನ್ ರಿಪೋರ್ಟ್ ಬೇಕಾ? ನಿಮ್ಮ ಬೀದಿಯ ಡಾಕ್ಟರು ಇಪ್ಪತ್ತು ವರ್ಷದಿಂದ ಇದನ್ನೇ ಹೇಳ್ತಿದ್ದಾರೆ, ನೀವು ಕೇಳ್ತಿಲ್ಲ ಅಷ್ಟೇ!

"ಒಂದು ಹನಿ ರಕ್ತದಲ್ಲಿ ಎಲ್ಲಾ ಕ್ಯಾನ್ಸರ್ ಪತ್ತೆ" ಅಂತ ಜಾಹೀರಾತು ನೋಡಿದಾಗಲೂ ಇದನ್ನ ನೆನಪಿಡಿ. 2019ರ ಅಧ್ಯಯನವೊಂದು ಪ್ಲಾಸ್ಮಾದಲ್ಲಿ ತೇಲೋ ಡಿಎನ್‌ಎ ಬದಲಾವಣೆಗಳನ್ನ ಹುಡುಕಿ, ಅವು ಎಲ್ಲಿಂದ ಬಂದವು ಅಂತ ಪತ್ತೆ ಮಾಡಿತು. ಕ್ಯಾನ್ಸರ್ ಇಲ್ಲದವರಲ್ಲಿ ಸಿಕ್ಕ ಬದಲಾವಣೆಗಳಲ್ಲಿ ಸುಮಾರು 82%, ಕ್ಯಾನ್ಸರ್ ರೋಗಿಗಳಲ್ಲೂ ಅರ್ಧಕ್ಕಿಂತ ಹೆಚ್ಚು, ಗಡ್ಡೆಯಿಂದ ಬಂದವಲ್ಲ, ಈ ಬಿಳಿ ಕಣಗಳ ಗುಂಪಿನವು. ಬಿಳಿ ಕಣಗಳನ್ನೂ ಜೊತೆಗೆ ಓದಿ ತಾಳೆ ನೋಡದಿದ್ರೆ ಇಲ್ಲದ ಗಡ್ಡೆ ಹುಡುಕುತ್ತಾ ಸ್ಕ್ಯಾನಿಂದ ಸ್ಕ್ಯಾನಿಗೆ ಅಲೆದಾಟ.

*

ಆದ್ರಿಂದ ನಮ್ಮವರಲ್ಲಿ ನನ್ನದು ಮೂರೇ ಕೋರಿಕೆ.

ಒಂದು: "ಪಟ್ಟು" ಅಂತ ಬರೆದಲ್ಲೆಲ್ಲ "ನೂರಕ್ಕೆ ಎಷ್ಟು" ಅಂತಲೂ ಬರೀರಿ. ಒಂದೇ ಸಾಲು ಜಾಸ್ತಿ ಆಗತ್ತೆ ಅಷ್ಟೇ.

ಎರಡು: ಹುಟ್ಟಿನಿಂದ ಬಂದದ್ದಾ, ಬದುಕಿನ ನಡುವೆ ಆದದ್ದಾ ಅಂತ ಮೊದಲ ಪ್ಯಾರಾದಲ್ಲೇ ಹೇಳಿ. ಎರಡನೆಯದಕ್ಕೆ "ವಂಶವಾಹಿ" ಬೇಡ. "ಜೀನು" ಅನ್ನಿ ಸಾಕು. ಜೀನು ಅಂದ್ರೆ ಕುದುರೆ ಬೆನ್ನ ಮೇಲಿನ ಜೀನು ನೆನಪಾಗತ್ತೆ ಅಂತೀರಾ? ಆಗ್ಲಿ ಬಿಡಿ. ಕುದುರೆ ಜೀನಿನಿಂದ ಯಾರ ಮದುವೆನೂ ಮುರಿದುಬಿದ್ದಿಲ್ಲ.

ಮೂರು: ಈ ಚಿಪ್‌ಗೆ ಒಂದು ಒಳ್ಳೆ ಕನ್ನಡ ಪದ ಕಟ್ಟಿ. ನಾನು "ಕಂದುಗುಂಪು" ಅಂತ ಇಟ್ಟುಕೊಂಡಿದ್ದೀನಿ, ಬಾಳೆ ಕಂದಿನ ನೆನಪಿಗೆ. ಕೇಳಿದವರಿಗೆ ಬೆಳೆಯೋದು ಗೊತ್ತಾಗತ್ತೆ, ಹೆದರಿಕೆ ಆಗಲ್ಲ. ಕಂದು ಬಣ್ಣ ಅಂತ ತಪ್ಪು ತಿಳೀತಾರೆ ಅನ್ನೋ ಆಕ್ಷೇಪ ಈಗಾಗಲೇ ಒಬ್ಬ ಗೆಳೆಯನಿಂದ ಬಂದಿದೆ. ಇದಕ್ಕಿಂತ ಚೆನ್ನಾಗಿರೋದು ಹೊಳೆದ್ರೆ ಕೆಳಗೆ ಕಾಮೆಂಟ್ ಹಾಕಿ. ಬೈಯೋದಿದ್ರೂ ಅಲ್ಲೇ ಬೈಯಿರಿ, ಅನಾಮಧೇಯರಾಗಿ ಬೇಡ, ಹೆಸರು ಹಾಕಿ :-)